ಸಂಧಿವಾತದಲ್ಲಿ ಉರಿಯೂತದ ಸಂಕೇತವನ್ನು ತಡೆಯುವುದು: ಎಲ್ಲಿ, ಎಷ್ಟು, ಯಾರಲ್ಲಿ?

ರುಮಟಾಯ್ಡ್ ಸಂಧಿವಾತದ ಚಿಕಿತ್ಸೆಯಲ್ಲಿ 2012ರಿಂದ ಬಳಕೆಗೆ ಬಂದ ಜಾಕ್ ಪ್ರತಿಬಂಧಕಗಳೆಂಬ (ಜಾಕ್ ಹೆಸರಿನ ಕಿಣ್ವಗಳನ್ನು ತಡೆಯುವ) ಮಾತ್ರೆಗಳ ಸುತ್ತ ನಡೆಯುತ್ತಿರುವ ಚರ್ಚೆ ಇನ್ನೂ ಮುಗಿದಿಲ್ಲ. ಅವು ಕೆಲಸ ಮಾಡುತ್ತವೆಯೇ ಎಂಬುದು ಆ ಚರ್ಚೆಯ ವಿಷಯವಲ್ಲ. ಕೆಲಸ ಮಾಡುತ್ತವೆ, ಕೆಲವು ಹೋಲಿಕೆಗಳಲ್ಲಿ ಹಳೆಯ ಚುಚ್ಚುಮದ್ದುಗಳಿಗಿಂತ ಚೆನ್ನಾಗಿಯೇ. ಆದರೆ 2022ರ ಜನವರಿಯಲ್ಲಿ ಪ್ರಕಟವಾದ, 4,362 ರೋಗಿಗಳನ್ನು ಒಳಗೊಂಡ ಒಂದು ಪ್ರಯೋಗದಲ್ಲಿ, ಈ ಗುಂಪಿನ ಮೊದಲ ಔಷಧವಾದ ಟೋಫಾಸಿಟಿನಿಬ್ ಸೇವಿಸಿದವರಲ್ಲಿ ಹೃದಯ ಮತ್ತು ರಕ್ತನಾಳಗಳ ಗಂಭೀರ ತೊಂದರೆಗಳೂ ಕ್ಯಾನ್ಸರ್ ಪ್ರಕರಣಗಳೂ ಹೋಲಿಕೆಯ ಗುಂಪಿಗಿಂತ ಹೆಚ್ಚಾಗಿ ಕಂಡುಬಂದವು. ಉರಿಯೂತದ ಸಂಕೇತವನ್ನು ಜೀವಕೋಶದ ಒಳಹೊಕ್ಕು ತಡೆಯುವುದು ಎಷ್ಟರ ಮಟ್ಟಿಗೆ ಸರಿ ಎಂಬ ಪ್ರಶ್ನೆ ಅಲ್ಲಿಂದ ಗಟ್ಟಿಯಾಯಿತು. ಸಂಕೇತ ಎಲ್ಲಿ ಹುಟ್ಟುತ್ತದೆ, ಯಾವ ಹಾದಿಯಲ್ಲಿ ಸಾಗುತ್ತದೆ, ಅದೇ ಹಾದಿಯನ್ನು ದೇಹದ ಬೇರೆ ಯಾವ ಕೆಲಸಗಳು ಬಳಸಿಕೊಳ್ಳುತ್ತವೆ ಎಂಬುದನ್ನು ನೋಡದೆ ಈ ಪ್ರಶ್ನೆಗೆ ಉತ್ತರಿಸಲು ಹೊರಟರೆ, ಅನಗತ್ಯ ಭಯವೋ ಅನಗತ್ಯ ಭರವಸೆಯೋ ಮಾತ್ರ ಕೈಗೆ ಸಿಗುತ್ತದೆ.

ಮೊದಲು ಕಾಯಿಲೆಯ ಸ್ವರೂಪ. ವಯಸ್ಸಾದಂತೆ ಕೀಲು ಸವೆದು ಬರುವ ನೋವು ಬೇರೆ, ಇದು ಬೇರೆ. ರುಮಟಾಯ್ಡ್ ಸಂಧಿವಾತದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ವಯಸ್ಕರಲ್ಲಿ ಸುಮಾರು ನೂರಕ್ಕೆ ಅರ್ಧದಿಂದ ಒಬ್ಬರವರೆಗೆ ಕಾಣುವ ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಆರೋಗ್ಯವಂತ ಕೀಲಿನಲ್ಲಿ ಒಳಪೊರೆಯ ಹೊರ ಪದರ ಒಂದೆರಡು ಕೋಶಗಳಷ್ಟೇ ದಪ್ಪವಿರುತ್ತದೆ. ರೋಗ ಹತ್ತಿದಾಗ ಅದು ಹಲವು ಪದರಗಳಾಗಿ ಬೆಳೆದು, ಹೊಸ ರಕ್ತನಾಳಗಳನ್ನು ಎಳೆದುಕೊಂಡು, ಟಿ ಕೋಶ, ಬಿ ಕೋಶ, ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳಿಂದ ತುಂಬಿಕೊಂಡು, ಅಂಚಿನಿಂದ ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆಯತೊಡಗುತ್ತದೆ. ಬೆಳಗ್ಗೆ ಗಂಟೆಗಟ್ಟಲೆ ಬಿಡದ ಬಿಗಿತ, ಎರಡೂ ಕೈಗಳ ಬೆರಳಿನ ಗೆಣ್ಣುಗಳಲ್ಲಿ ಊತ, ಸದಾ ಕಾಡುವ ಆಯಾಸ, ರಕ್ತಹೀನತೆ ಇವೆಲ್ಲ ಈ ಒಂದೇ ಗಲಭೆಯ ಬೇರೆ ಬೇರೆ ಮುಖಗಳು.

ಈ ಕೋಶಗಳು ಒಟ್ಟಾಗಿ ವರ್ತಿಸಬೇಕಾದರೆ ಅವುಗಳ ನಡುವೆ ಸಂಪರ್ಕ ಬೇಕು, ಅದನ್ನು ಒದಗಿಸುವುದು ಸೈಟೋಕೈನ್‌ಗಳೆಂಬ ಸಣ್ಣ ಪ್ರೋಟೀನುಗಳು. ಒಂದು ಕೋಶ ಸೈಟೋಕೈನನ್ನು ಹೊರಗೆ ಬಿಡುತ್ತದೆ, ಅದು ಇನ್ನೊಂದು ಕೋಶದ ಮೇಲಿನ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಗ್ರಾಹಕದ ಒಳತುದಿಯಲ್ಲಿ ಕುಳಿತ ಕೈನೇಸ್ ಎಂಬ ಕಿಣ್ವಗಳು ಎಚ್ಚೆತ್ತು, ಮುಂದಿನ ಪ್ರೋಟೀನುಗಳಿಗೆ ಫಾಸ್ಫೇಟನ್ನು ಜೋಡಿಸುತ್ತ ಸಂದೇಶವನ್ನು ಕೋಶಕೇಂದ್ರದವರೆಗೆ ದಾಟಿಸುತ್ತವೆ. ಅಲ್ಲಿ ಕೆಲವು ವಂಶವಾಹಿಗಳು ಚಾಲೂ ಆಗಿ, ಇನ್ನಷ್ಟು ಸೈಟೋಕೈನ್‌ಗಳೂ ಮೃದ್ವಸ್ಥಿಯನ್ನು ಕರಗಿಸುವ ಕಿಣ್ವಗಳೂ ತಯಾರಾಗುತ್ತವೆ. ಹಾಗಾಗಿ ಔಷಧವು ಅಡ್ಡ ನಿಲ್ಲಬಹುದಾದ ಜಾಗಗಳು ಮುಖ್ಯವಾಗಿ ಮೂರು: ಹೊರಗೆ ಓಡಾಡುವ ಸೈಟೋಕೈನ್, ಕೋಶದ ಮೇಲಿನ ಗ್ರಾಹಕ, ಒಳಗಿನ ಕೈನೇಸ್. ಒಳಗೆ ಹೋದಷ್ಟೂ ಒಂದೇ ಏಟಿಗೆ ಹೆಚ್ಚು ಸಂಕೇತಗಳು ನಿಲ್ಲುತ್ತವೆ. ಈ ಗುಣವೇ ಈ ಔಷಧಗಳ ಬಲವೂ ಹೌದು, ತೊಂದರೆಯೂ ಹೌದು.

ಎಲ್ಲವನ್ನೂ ಒಟ್ಟಿಗೆ ತಡೆದರೆ ಏನಾಗುತ್ತದೆ ಎಂಬುದು ವೈದ್ಯಕ್ಕೆ ಬಹಳ ಹಿಂದೆಯೇ ಗೊತ್ತಾಗಿತ್ತು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ತೀವ್ರ ಸಂಧಿವಾತದ ರೋಗಿಗೆ ಕಾರ್ಟಿಸೋನ್ ಕೊಟ್ಟಾಗ, ಹಾಸಿಗೆ ಹಿಡಿದಿದ್ದವರು ಕೆಲವೇ ದಿನಗಳಲ್ಲಿ ಎದ್ದು ನಡೆದರು. 1950ರಲ್ಲಿ ಹೆಂಚ್, ಕೆಂಡಲ್ ಮತ್ತು ರೈಕ್‌ಸ್ಟೈನ್ ಅವರಿಗೆ ನೊಬೆಲ್ ಬಂದಿತು. ಕಾರ್ಟಿಸೋನ್‌ನಂಥ ಸ್ಟೀರಾಯ್ಡ್ ಕೋಶದೊಳಗೆ ಇಳಿದು ಉರಿಯೂತದ ಹತ್ತಾರು ವಂಶವಾಹಿಗಳನ್ನು ಒಟ್ಟಿಗೆ ಅಡಗಿಸುತ್ತದೆ. ಆದರೆ ವರ್ಷಗಟ್ಟಲೆ ಸೇವಿಸಿದವರಲ್ಲಿ ಮೂಳೆ ಟೊಳ್ಳಾಗುವುದು, ಸಕ್ಕರೆ ಕಾಯಿಲೆ, ಸೋಂಕು, ಕಣ್ಣಿನ ಪೊರೆ ಇವೆಲ್ಲ ಬಂದವು. ಅಂದಿನಿಂದ ಈ ಕ್ಷೇತ್ರದ ಪ್ರತಿಯೊಂದು ಹೊಸ ಔಷಧವೂ ಸ್ಟೀರಾಯ್ಡಿನ ಬಲವನ್ನು ಅದರ ವ್ಯಾಪ್ತಿಯಿಲ್ಲದೆ ಪಡೆಯುವ ಪ್ರಯತ್ನವೇ ಆಗಿದೆ. ವಾರಕ್ಕೊಮ್ಮೆ ಸೇವಿಸುವ ಮೆಥೋಟ್ರೆಕ್ಸೇಟ್ ಇಂದಿಗೂ ಚಿಕಿತ್ಸೆಯ ಮೊದಲ ಮೆಟ್ಟಿಲಾಗಿ ಉಳಿದಿದೆ. ಇಲ್ಲಿ ಚರ್ಚಿಸುವ ಔಷಧಗಳ ಸರದಿ ಬರುವುದು ಸಾಮಾನ್ಯವಾಗಿ ಅದು ಸಾಲದೆ ಹೋದಾಗ.

ಒಂದೇ ಸೈಟೋಕೈನನ್ನು ತಡೆದು ಪ್ರಯೋಜನವೇನು, ಉರಿಯುವ ಕೀಲಿನಲ್ಲಿ ಹತ್ತಾರು ಸೈಟೋಕೈನ್‌ಗಳಿವೆಯಲ್ಲ ಎಂಬ ಆಕ್ಷೇಪ 1980ರ ದಶಕದಲ್ಲಿ ಬಲವಾಗಿತ್ತು ಮತ್ತು ತರ್ಕಬದ್ಧವೂ ಆಗಿತ್ತು. ಅದಕ್ಕೆ ಉತ್ತರ ಬಂದದ್ದು ಲಂಡನ್ನಿನಿಂದ. ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ ಅವರ ತಂಡ, ರೋಗಿಗಳ ಕೀಲಿನಿಂದ ತೆಗೆದ ಒಳಪೊರೆಯ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಟಿಎನ್‌ಎಫ್ ಎಂಬ ಒಂದೇ ಸೈಟೋಕೈನಿಗೆ ಪ್ರತಿಕಾಯವನ್ನು ಸೇರಿಸಿತು. ಟಿಎನ್‌ಎಫ್ ನಿಂತದ್ದಷ್ಟೇ ಅಲ್ಲ, ಇಂಟರ್‌ಲ್ಯೂಕಿನ್-1 ಎಂಬ ಇನ್ನೊಂದು ಸೈಟೋಕೈನಿನ ಉತ್ಪಾದನೆಯೂ ಕುಸಿಯಿತು ಎಂದು 1989ರಲ್ಲಿ ಅವರು ಪ್ರಕಟಿಸಿದರು. ಅಂದರೆ ಈ ಹತ್ತಾರು ಸಂಕೇತಗಳು ಸರಿಸಮಾನವಲ್ಲ, ಅವುಗಳಲ್ಲಿ ಮೇಲು ಕೆಳಗು ಇದೆ. 1991ರಲ್ಲಿ ಗ್ರೀಸಿನ ಜಾರ್ಜ್ ಕೊಲಿಯಾಸ್ ತಂಡ ಮನುಷ್ಯರ ಟಿಎನ್‌ಎಫ್ ವಂಶವಾಹಿಯನ್ನು ಇಲಿಗಳಲ್ಲಿ ಅತಿಯಾಗಿ ದುಡಿಯುವಂತೆ ಮಾಡಿದಾಗ ಅವುಗಳಿಗೆ ಸಂಧಿವಾತವೇ ಬಂದಿತು. 1992ರಲ್ಲಿ ಇನ್ಫ್ಲಿಕ್ಸಿಮ್ಯಾಬ್ ಎಂದು ಮುಂದೆ ಹೆಸರಾದ ಪ್ರತಿಕಾಯವನ್ನು ಇಪ್ಪತ್ತು ರೋಗಿಗಳಿಗೆ ಕೊಟ್ಟು ನೋಡಲಾಯಿತು. ಟಿಎನ್‌ಎಫ್ ತಡೆಯುವ ಔಷಧಗಳಾಗಿ 1998ರಲ್ಲಿ ಎಟನರ್ಸೆಪ್ಟ್, 1999ರಲ್ಲಿ ಇನ್ಫ್ಲಿಕ್ಸಿಮ್ಯಾಬ್, 2002ರ ಕೊನೆಯಲ್ಲಿ ಅಡಾಲಿಮ್ಯುಮ್ಯಾಬ್ ಸಂಧಿವಾತಕ್ಕೆ ಅಮೆರಿಕದಲ್ಲಿ ಮಂಜೂರಾದವು.

ಈ ಯಶಸ್ಸಿನ ಬೆನ್ನಲ್ಲೇ ಒಂದು ಎಚ್ಚರಿಕೆಯೂ ಬಂತು. ಇನ್ಫ್ಲಿಕ್ಸಿಮ್ಯಾಬ್ ಪಡೆದವರಲ್ಲಿ ಕ್ಷಯ ಕಾಣಿಸಿಕೊಂಡ 70 ಪ್ರಕರಣಗಳ ವಿವರ 2001ರಲ್ಲಿ ಪ್ರಕಟವಾಯಿತು, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಶ್ವಾಸಕೋಶದ ಹೊರಗೆ ಹರಡಿದ ಕ್ಷಯ. ಕಾರಣ ಸ್ಪಷ್ಟವಿತ್ತು. ಎಂದೋ ದೇಹ ಹೊಕ್ಕು ಸುಮ್ಮನಿರುವ ಕ್ಷಯದ ಬ್ಯಾಕ್ಟೀರಿಯಾವನ್ನು ರೋಗನಿರೋಧಕ ಕೋಶಗಳು ಸುತ್ತುವರಿದು ಗಂಟಾಗಿ ಕಟ್ಟಿಹಾಕಿರುತ್ತವೆ, ಆ ಗಂಟು ಬಿಗಿಯಾಗಿ ಉಳಿಯಲು ಟಿಎನ್‌ಎಫ್ ಬೇಕು. ಕೀಲನ್ನು ಕೊರೆಯುವ ಅದೇ ಸಂಕೇತ ಶ್ವಾಸಕೋಶದಲ್ಲಿ ಕಾವಲು ಕಾಯುತ್ತಿತ್ತು. ಅಂದಿನಿಂದ ಈ ಔಷಧಗಳನ್ನು ಶುರುಮಾಡುವ ಮೊದಲು ಸುಪ್ತ ಕ್ಷಯದ ತಪಾಸಣೆ ಕಡ್ಡಾಯದಂತೆ ನಡೆಯುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಮಂಡಲದ ಕಾಯಿಲೆಯ ರೋಗಿಗಳಲ್ಲಿ ಟಿಎನ್‌ಎಫ್ ತಡೆ ಕಾಯಿಲೆಯನ್ನು ಉಲ್ಬಣಿಸಿತು, ತೀವ್ರ ಹೃದಯ ವೈಫಲ್ಯ ಇರುವವರಲ್ಲಿ ಹೆಚ್ಚಿನ ಪ್ರಮಾಣದ ಇನ್ಫ್ಲಿಕ್ಸಿಮ್ಯಾಬ್ ಹಾನಿ ಮಾಡಿತು. ಉರಿಯೂತದ ಸಂಕೇತವೆಂಬ ಹೆಸರು ನಾವು ಕೊಟ್ಟದ್ದು. ದೇಹ ಅದನ್ನು ಆ ಒಂದು ಕೆಲಸಕ್ಕಷ್ಟೇ ಮೀಸಲಿಟ್ಟಿಲ್ಲ.

ಟಿಎನ್‌ಎಫ್ ಗೆದ್ದಿತೆಂದು ಉಳಿದ ಸೈಟೋಕೈನ್‌ಗಳೂ ಗೆಲ್ಲಲಿಲ್ಲ, ಯಾವುದು ಗೆಲ್ಲುತ್ತದೆ ಎಂದು ಮುಂಚಿತವಾಗಿ ಹೇಳಲು ಯಾರಿಗೂ ಸಾಧ್ಯವಾಗಲಿಲ್ಲ. ಇಂಟರ್‌ಲ್ಯೂಕಿನ್-1 ಪ್ರಯೋಗಾಲಯದಲ್ಲಿ ಮೃದ್ವಸ್ಥಿಯನ್ನು ಹಾಳುಮಾಡುವುದರಲ್ಲಿ ಟಿಎನ್‌ಎಫ್‌ಗಿಂತ ಒಂದು ಕೈ ಮೇಲು. ಆದರೆ ಅದನ್ನು ತಡೆಯುವ ಅನಾಕಿನ್ರಾ 2001ರಲ್ಲಿ ಮಂಜೂರಾಗಿಯೂ ಸಂಧಿವಾತದಲ್ಲಿ ಸಾಧಾರಣ ಫಲವನ್ನಷ್ಟೇ ಕೊಟ್ಟಿತು. ಕೆಲವು ಅಪರೂಪದ ಆನುವಂಶಿಕ ಜ್ವರದ ಕಾಯಿಲೆಗಳಲ್ಲಿ ಅದೇ ಔಷಧ ಅದ್ಭುತವಾಗಿ ಕೆಲಸ ಮಾಡುತ್ತದೆ. ಇಂಟರ್‌ಲ್ಯೂಕಿನ್-17ರ ತಡೆ ಸೋರಿಯಾಸಿಸ್ಸಿನಲ್ಲಿ, ಬೆನ್ನುಮೂಳೆಯ ಉರಿಯೂತದಲ್ಲಿ ದೊಡ್ಡ ಬದಲಾವಣೆ ತಂದಿತು, ರುಮಟಾಯ್ಡ್ ಸಂಧಿವಾತದಲ್ಲಿ ತರಲಿಲ್ಲ. ಇದಕ್ಕೆ ಪ್ರತಿಯಾಗಿ, ಜಪಾನಿನ ತದಾಮಿತ್ಸು ಕಿಶಿಮೊತೊ ಅವರ ತಂಡ 1986ರಲ್ಲಿ ವಂಶವಾಹಿಯನ್ನು ಪತ್ತೆಹಚ್ಚಿದ ಇಂಟರ್‌ಲ್ಯೂಕಿನ್-6 ಟಿಎನ್‌ಎಫ್‌ನಷ್ಟೇ ಒಳ್ಳೆಯ ಗುರಿಯೆಂದು ಸಾಬೀತಾಯಿತು. ಅದರ ಗ್ರಾಹಕವನ್ನು ಮುಚ್ಚುವ ಟೊಸಿಲಿಜುಮ್ಯಾಬ್ ಸಂಧಿವಾತಕ್ಕೆ 2008ರಲ್ಲಿ ಜಪಾನಿನಲ್ಲಿ, 2010ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಮೆಥೋಟ್ರೆಕ್ಸೇಟ್ ಜೊತೆಯಿಲ್ಲದೆ ಒಂದೇ ಔಷಧವಾಗಿ ಕೊಟ್ಟಾಗ ಅದು ಅಡಾಲಿಮ್ಯುಮ್ಯಾಬ್‌ಗಿಂತ ಮೇಲೆಂದು 2013ರಲ್ಲಿ ಪ್ರಕಟವಾದ ನೇರ ಹೋಲಿಕೆಯ ಪ್ರಯೋಗ ತೋರಿಸಿತು.

ಇಂಥ ಹೋಲಿಕೆಗಳನ್ನು ಓದುವಾಗ ಒಂದು ವಿಷಯವನ್ನು ನೆನಪಿಡಬೇಕು. ರೋಗದ ತೀವ್ರತೆಯನ್ನು ಅಳೆಯುವ ಡಿಎಎಸ್28 ಎಂಬ ಅಂಕದಲ್ಲಿ ಊದಿದ ಕೀಲುಗಳ ಎಣಿಕೆಯ ಜೊತೆಗೆ ಉರಿಯೂತವನ್ನು ಸೂಚಿಸುವ ರಕ್ತಪರೀಕ್ಷೆಗಳಾದ ಇಎಸ್‌ಆರ್ ಅಥವಾ ಸಿಆರ್‌ಪಿ ಪ್ರಮಾಣವೂ ಸೇರುತ್ತದೆ. ಯಕೃತ್ತು ಸಿಆರ್‌ಪಿ ತಯಾರಿಸುವುದು ಮುಖ್ಯವಾಗಿ ಇಂಟರ್‌ಲ್ಯೂಕಿನ್-6ರ ಆದೇಶದ ಮೇರೆಗೆ. ಆದ್ದರಿಂದ ಆ ಸಂಕೇತವನ್ನು ತಡೆಯುವ ಔಷಧ ಕೀಲು ಎಷ್ಟೇ ಸುಧಾರಿಸಲಿ, ಬಿಡಲಿ, ಅಂಕವನ್ನಂತೂ ಇಳಿಸಿಬಿಡುತ್ತದೆ. ಆ ಪ್ರಯೋಗದ ತೀರ್ಮಾನ ಇದರಿಂದ ಸುಳ್ಳಾಗುವುದಿಲ್ಲ, ಬೇರೆ ಅಳತೆಗಳಲ್ಲೂ ಟೊಸಿಲಿಜುಮ್ಯಾಬ್ ಮುಂದಿತ್ತು. ಆದರೆ ಅಂತರ ಕಾಗದದ ಮೇಲೆ ಕಂಡಷ್ಟು ದೊಡ್ಡದಲ್ಲ. ಇದೇ ಕಾರಣಕ್ಕೆ ಈ ಔಷಧ ತೆಗೆದುಕೊಳ್ಳುವವರಿಗೆ ನಿಜವಾದ ಸೋಂಕು ತಗುಲಿದಾಗಲೂ ಸಿಆರ್‌ಪಿ ಏರದೆ, ಜ್ವರ ಬಾರದೆ, ವೈದ್ಯರನ್ನು ದಾರಿ ತಪ್ಪಿಸಬಹುದು.

ಸೈಟೋಕೈನ್‌ಗಳನ್ನು ಒಂದೊಂದಾಗಿ ತಡೆಯುವ ಬದಲು ಹಲವು ಸಂಕೇತಗಳು ಸೇರುವ ಕೋಶದೊಳಗಿನ ಸಂಗಮವನ್ನೇ ಹಿಡಿಯೋಣ ಎಂಬ ಯೋಚನೆ ಹುಟ್ಟಿದ್ದು ಸಹಜ. ಆ ದಾರಿಯಲ್ಲಿ ಮೊದಲು ಎಲ್ಲರ ಕಣ್ಣು ಬಿದ್ದದ್ದು ಪಿ38 ಎಂಬ ಕೈನೇಸ್ ಮೇಲೆ. ಟಿಎನ್‌ಎಫ್, ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಇವೆಲ್ಲದರ ಉತ್ಪಾದನೆಯಲ್ಲೂ ಅದಕ್ಕೆ ಪಾತ್ರವಿದೆ, ಅದನ್ನು ತಡೆಯುವ ಅಣುಗಳು ಇಲಿಗಳ ಸಂಧಿವಾತವನ್ನು ಚೆನ್ನಾಗಿ ಗುಣಪಡಿಸಿದ್ದವು. ಔಷಧ ಕಂಪನಿಗಳು ಹಲವು ಅಣುಗಳನ್ನು ಮನುಷ್ಯರಲ್ಲಿ ಪರೀಕ್ಷಿಸಿದವು. ಪಮಾಪಿಮೋಡ್, ವಿಎಕ್ಸ್-702 ಮುಂತಾದವುಗಳ ಫಲಿತಾಂಶ ಬಂದಾಗ ಕಂಡದ್ದು ವಿಚಿತ್ರ ನಮೂನೆ: ಚಿಕಿತ್ಸೆ ಶುರುವಾದ ಕೂಡಲೇ ಸಿಆರ್‌ಪಿ ಇಳಿಯಿತು, ಕೆಲವೇ ವಾರಗಳಲ್ಲಿ, ಔಷಧ ಸೇವನೆ ನಡೆದಿರುವಾಗಲೇ, ಮತ್ತೆ ಏರಿ ಹಳೆಯ ಮಟ್ಟಕ್ಕೆ ಬಂದಿತು. ಕೀಲುಗಳಿಗೆ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ.

ಈ ಸೋಲಿನ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು, ಏಕೆಂದರೆ ಗೆದ್ದ ಔಷಧಗಳು ಹೇಳದ ಒಂದು ಸಂಗತಿಯನ್ನು ಇದು ಹೇಳುತ್ತದೆ. ಪಿ38 ಉರಿಯೂತವನ್ನು ಹಚ್ಚುವ ಕೈನೇಸ್ ಎಂಬುದು ಅರ್ಧ ಸತ್ಯ. ಉರಿಯೂತವನ್ನು ಶಮನಗೊಳಿಸುವ ಇಂಟರ್‌ಲ್ಯೂಕಿನ್-10 ಮತ್ತು ಉಳಿದ ಕೈನೇಸ್‌ಗಳನ್ನು ನಿಲ್ಲಿಸುವ ಕೆಲವು ಕಿಣ್ವಗಳು ತಯಾರಾಗುವುದಕ್ಕೂ ಅದೇ ಬೇಕು. ಅಲ್ಲದೆ ತನಗಿಂತ ಮೇಲಿರುವ ಕೈನೇಸನ್ನು ಹದ್ದುಬಸ್ತಿನಲ್ಲಿಡುವ ಕೆಲಸವನ್ನೂ ಅದು ಮಾಡುತ್ತದೆ. ಅದನ್ನು ತಡೆದಾಗ ಉರಿಯೂತದ ಒಂದು ದಾರಿ ಮುಚ್ಚಿದರೂ ಅದೇ ಕ್ಷಣ ಉಳಿದ ದಾರಿಗಳ ಮೇಲಿನ ತಡೆ ಸಡಿಲವಾಯಿತು, ಸಂಕೇತಗಳು ಅತ್ತ ಹರಿದವು. ಎಲ್ಲ ಸಂಶೋಧಕರೂ ಈ ಒಂದೇ ವಿವರಣೆಯನ್ನು ಒಪ್ಪುವುದಿಲ್ಲ. ಔಷಧದ ಪ್ರಮಾಣ ಸಾಲಲಿಲ್ಲ, ಯಕೃತ್ತಿಗೆ ಆಗುವ ಹಾನಿಯಿಂದಾಗಿ ಪ್ರಮಾಣ ಏರಿಸಲು ಆಗಲಿಲ್ಲ ಎನ್ನುವವರೂ ಇದ್ದಾರೆ. ಆದರೂ ಅಣುವಿಂದ ಅಣುವಿಗೆ ಅದೇ ಏರಿಳಿತ ಮರುಕಳಿಸಿದ್ದನ್ನು ನೋಡಿದರೆ, ದೋಷ ಒಂದು ಔಷಧದ್ದಲ್ಲ, ಗುರಿಯದೇ ಎಂದು ನನಗನ್ನಿಸುತ್ತದೆ. ಎಸ್‌ವೈಕೆ ಎಂಬ ಇನ್ನೊಂದು ಕೈನೇಸನ್ನು ತಡೆಯುವ ಫೋಸ್ಟಮಾಟಿನಿಬ್ 2010ರಲ್ಲಿ ಎರಡನೇ ಹಂತದ ಪ್ರಯೋಗದಲ್ಲಿ ಆಸೆ ಹುಟ್ಟಿಸಿ, ಮೂರನೇ ಹಂತದಲ್ಲಿ ಎಕ್ಸ್‌ರೇಯಲ್ಲಿ ಕಾಣುವ ಹಾನಿಯನ್ನು ನಿಲ್ಲಿಸಲಾರದೆ ಸಂಧಿವಾತದ ಕಣದಿಂದ ಹೊರಬಿತ್ತು. 2018ರಲ್ಲಿ ಪ್ಲೇಟ್‌ಲೆಟ್ ಕುಸಿಯುವ ಒಂದು ಕಾಯಿಲೆಗೆ ಔಷಧವಾಗಿ ಬೇರೆ ಬದುಕು ಕಂಡಿತು.

ಹೀಗೆ ಒಳಗಿನ ಕೈನೇಸ್‌ಗಳ ಮೇಲಿನ ವಿಶ್ವಾಸ ಕುಗ್ಗುತ್ತಿದ್ದಾಗ ಗೆದ್ದದ್ದು ಜಾಕ್ ಕುಟುಂಬ. ಅದರಲ್ಲಿರುವುದು ನಾಲ್ಕೇ ಸದಸ್ಯರು: ಜಾಕ್1, ಜಾಕ್2, ಜಾಕ್3 ಮತ್ತು ಟಿವೈಕೆ2. ಇವು ಜೋಡಿಯಾಗಿ ಗ್ರಾಹಕದ ಬುಡದಲ್ಲಿ ಕುಳಿತು, ಸಂಕೇತ ಬಂದಾಗ ಸ್ಟಾಟ್ ಎಂಬ ಪ್ರೋಟೀನುಗಳನ್ನು ಎಬ್ಬಿಸಿ ನೇರ ಕೋಶಕೇಂದ್ರಕ್ಕೆ ಕಳಿಸುತ್ತವೆ. ಇಂಟರ್‌ಲ್ಯೂಕಿನ್-6ರ ಸಂಕೇತ ಮುಖ್ಯವಾಗಿ ಜಾಕ್1ನ್ನು ನೆಚ್ಚಿದೆ. ಕೆಂಪು ರಕ್ತಕಣಗಳನ್ನು ಬೆಳೆಸುವ ಎರಿತ್ರೋಪೊಯಿಟಿನ್ ಸಂಪೂರ್ಣ ಜಾಕ್2ರ ಮೇಲೆ ನಿಂತಿದೆ. ಜಾಕ್3 ಹುಟ್ಟಿನಿಂದಲೇ ಇಲ್ಲದ ಮಕ್ಕಳಲ್ಲಿ ರೋಗನಿರೋಧಕ ಶಕ್ತಿಯೇ ಬೆಳೆಯುವುದಿಲ್ಲ ಎಂಬುದು 1995ರಲ್ಲಿ ಗೊತ್ತಾದಾಗ, ಈ ಕಿಣ್ವವನ್ನು ಔಷಧದಿಂದ ಹದವಾಗಿ ತಗ್ಗಿಸಿದರೆ ರೋಗನಿರೋಧಕ ವ್ಯವಸ್ಥೆಯ ಅತಿರೇಕವನ್ನು ಅಡಗಿಸಬಹುದೆಂಬ ಯೋಚನೆಗೆ ಬಲ ಬಂದಿತು. ಟೋಫಾಸಿಟಿನಿಬ್ 2012ರ ನವೆಂಬರಿನಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. ಸುರಕ್ಷತೆಯ ಬಗೆಗಿನ ಸಂದೇಹದಿಂದ ಯುರೋಪಿನ ನಿಯಂತ್ರಕರು 2013ರಲ್ಲಿ ಅದನ್ನು ತಿರಸ್ಕರಿಸಿ, 2017ರಲ್ಲಷ್ಟೇ ಒಪ್ಪಿದರು. ಅದರ ಹಿಂದೆಯೇ ಬಾರಿಸಿಟಿನಿಬ್, ಉಪಾಡಾಸಿಟಿನಿಬ್, ಫಿಲ್ಗೋಟಿನಿಬ್ ಬಂದವು.

ಇಲ್ಲಿ ಒಂದು ಒಗಟಿದೆ. ಟಿಎನ್‌ಎಫ್‌ನ ಗ್ರಾಹಕ ಜಾಕ್ ಕಿಣ್ವಗಳನ್ನು ಬಳಸುವುದೇ ಇಲ್ಲ, ಅದರ ಹಾದಿ ಬೇರೆ. ಹಾಗಿದ್ದೂ ಜಾಕ್ ತಡೆ ಟಿಎನ್‌ಎಫ್ ತಡೆಯಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಫಲ ಕೊಡುತ್ತದೆ. 2017ರಲ್ಲಿ ಪ್ರಕಟವಾದ 1,307 ರೋಗಿಗಳ ಪ್ರಯೋಗದಲ್ಲಿ ಹನ್ನೆರಡು ವಾರಗಳ ಬಳಿಕ ಕನಿಷ್ಠ ಶೇ 20ರಷ್ಟು ಸುಧಾರಣೆ ಕಂಡವರು ಬಾರಿಸಿಟಿನಿಬ್ ಗುಂಪಿನಲ್ಲಿ ಶೇ 70, ಅಡಾಲಿಮ್ಯುಮ್ಯಾಬ್ ಗುಂಪಿನಲ್ಲಿ ಶೇ 61, ಹುಸಿಮಾತ್ರೆಯ ಗುಂಪಿನಲ್ಲಿ ಶೇ 40. ಉಪಾಡಾಸಿಟಿನಿಬ್ ಕೂಡ ಅಂಥದೇ ಹೋಲಿಕೆಯಲ್ಲಿ ಅಡಾಲಿಮ್ಯುಮ್ಯಾಬ್‌ನ್ನು ಹಿಂದಿಕ್ಕಿತು. ಒಗಟಿನ ಒಂದು ಉತ್ತರ ಹೀಗಿದೆ: ಟಿಎನ್‌ಎಫ್ ತಟ್ಟಿದ ಕೋಶ ಕೆಲಹೊತ್ತಿನಲ್ಲಿ ತಾನೇ ಇಂಟರ್‌ಫೆರಾನನ್ನೂ ಇಂಟರ್‌ಲ್ಯೂಕಿನ್-6ನ್ನೂ ಹೊರಹಾಕುತ್ತದೆ, ಅವು ಅದೇ ಕೋಶಕ್ಕೆ ಮರಳಿ ತಾಗಿ ಜಾಕ್ ಮೂಲಕ ಎರಡನೆಯ ಅಲೆಯನ್ನು ಎಬ್ಬಿಸುತ್ತವೆ. ಜಾಕ್ ಪ್ರತಿಬಂಧಕ ಮೊದಲನೆಯ ಅಲೆಯನ್ನು ಬಿಟ್ಟು ಎರಡನೆಯದನ್ನು ಮುರಿಯುತ್ತದೆ. ರೋಗಿಗಳಿಗೆ ನೋವು ಬೇಗ ಇಳಿಯುವುದು ಈ ಮಾತ್ರೆಗಳ ಇನ್ನೊಂದು ಗುಣ, ಕೆಲವರಿಗೆ ಮೊದಲ ಒಂದೆರಡು ವಾರಗಳಲ್ಲೇ.

ಸೈಟೋಕೈನ್ ಪ್ರತಿಕಾಯ ಒಂದು ಮನೆಯ ನಲ್ಲಿಯನ್ನು ನಿಲ್ಲಿಸಿದರೆ ಜಾಕ್ ಪ್ರತಿಬಂಧಕ ಬೀದಿಯ ಕೊಳವೆಯ ವಾಲ್ವನ್ನು ತಿರುಗಿಸುತ್ತದೆ. ಆದರೆ ಪೂರ್ತಿ ಮುಚ್ಚುವುದಿಲ್ಲ, ಇದೇ ಮುಖ್ಯ. ಟೋಫಾಸಿಟಿನಿಬ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಮೂರು ಗಂಟೆ ಸಾಕು, ಅಡಾಲಿಮ್ಯುಮ್ಯಾಬ್‌ಗೆ ಎರಡು ವಾರ ಬೇಕು. ಅಂದರೆ ದಿನದ ಒಂದಷ್ಟು ಹೊತ್ತು ಸಂಕೇತಗಳು ತಗ್ಗಿ, ಮಿಕ್ಕ ಹೊತ್ತು ಬಹುಪಾಲು ಮರಳುತ್ತವೆ. ಈ ಅರೆಬರೆ ತಡೆಯೇ ಔಷಧವನ್ನು ಸಹನೀಯವಾಗಿಸಿದೆ. ಪ್ರಮಾಣ ಏರಿಸಿದರೆ ಜಾಕ್2ರ ಕೆಲಸಕ್ಕೆ ಧಕ್ಕೆಯಾಗಿ ರಕ್ತಕಣಗಳು ಇಳಿಯುತ್ತವೆ. ಜಾಕ್1ನ್ನೇ ಆಯ್ದು ತಡೆಯುತ್ತದೆ ಎಂಬ ಮಾತು ಪ್ರಚಾರದಲ್ಲಿ ಜೋರಾಗಿ ಕೇಳುತ್ತದೆ. ಆದರೆ ಆ ಆಯ್ಕೆ ಪ್ರಮಾಣಕ್ಕೆ ಕಟ್ಟುಬಿದ್ದದ್ದು, ಮೇಲಾಗಿ ಜಾಕ್1 ಒಂದೇ ಹತ್ತಾರು ಸೈಟೋಕೈನ್‌ಗಳ ಪಾಲಿಗೆ ಬೇಕಾದ್ದು. ವೈರಾಣುಗಳ ವಿರುದ್ಧ ಹೋರಾಡುವ ಇಂಟರ್‌ಫೆರಾನ್‌ಗಳೂ ಇದೇ ಹಾದಿಯವು, ಹಾಗಾಗಿ ಇಡೀ ಗುಂಪಿನಲ್ಲಿ ಸರ್ಪಸುತ್ತು ಸಾಮಾನ್ಯವಾಗಿ ಕಾಣುವ ಅಡ್ಡಪರಿಣಾಮವಾಗಿದೆ.

ಈಗ ಆ ವಿವಾದಿತ ಪ್ರಯೋಗ. ಅದಕ್ಕೆ ಸೇರಿಸಿಕೊಂಡವರೆಲ್ಲ 50 ವರ್ಷ ದಾಟಿದವರು, ಜೊತೆಗೆ ಹೃದಯದ ಕಾಯಿಲೆಗೆ ದಾರಿ ಮಾಡುವ ಕನಿಷ್ಠ ಒಂದು ಅಂಶವಾದರೂ ಇದ್ದವರು. ಮೂರನೇ ಎರಡು ಭಾಗದವರಿಗೆ ಟೋಫಾಸಿಟಿನಿಬ್‌ನ ಎರಡು ಪ್ರಮಾಣಗಳಲ್ಲಿ ಒಂದನ್ನು, ಉಳಿದವರಿಗೆ ಟಿಎನ್‌ಎಫ್ ತಡೆಯನ್ನು ಕೊಟ್ಟು ಸುಮಾರು ನಾಲ್ಕು ವರ್ಷ ಗಮನಿಸಲಾಯಿತು. ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದಯ ಸಂಬಂಧಿ ಸಾವು ಟೋಫಾಸಿಟಿನಿಬ್ ಪಡೆದವರಲ್ಲಿ ಶೇ 3.4, ಟಿಎನ್‌ಎಫ್ ತಡೆ ಪಡೆದವರಲ್ಲಿ ಶೇ 2.5. ಕ್ಯಾನ್ಸರ್ ಶೇ 4.2 ಮತ್ತು ಶೇ 2.9. ಹೆಚ್ಚಿನ ಪ್ರಮಾಣದ ಗುಂಪಿನಲ್ಲಿ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಪ್ರಕರಣಗಳೂ ಸಾವುಗಳೂ ಎದ್ದು ಕಂಡದ್ದರಿಂದ 2019ರಲ್ಲೇ ಆ ಗುಂಪಿನವರನ್ನು ಕಡಿಮೆ ಪ್ರಮಾಣಕ್ಕೆ ಇಳಿಸಲಾಗಿತ್ತು. ಅಮೆರಿಕದ ನಿಯಂತ್ರಕರು 2021ರ ಸೆಪ್ಟೆಂಬರಿನಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಟೋಫಾಸಿಟಿನಿಬ್‌ಗಷ್ಟೇ ಅಲ್ಲದೆ ಬಾರಿಸಿಟಿನಿಬ್, ಉಪಾಡಾಸಿಟಿನಿಬ್‌ಗಳಿಗೂ ವಿಸ್ತರಿಸಿ, ಟಿಎನ್‌ಎಫ್ ತಡೆ ವಿಫಲವಾದ ಅಥವಾ ಒಗ್ಗದ ಮೇಲಷ್ಟೇ ಇವನ್ನು ಬಳಸಬೇಕೆಂದರು. ಯುರೋಪಿನವರು 65 ದಾಟಿದವರು, ಧೂಮಪಾನಿಗಳು, ಹೃದಯ ಅಥವಾ ಕ್ಯಾನ್ಸರಿನ ಅಪಾಯ ಇರುವವರಿಗೆ ಬೇರೆ ಸೂಕ್ತ ದಾರಿ ಇಲ್ಲದಿದ್ದಾಗ ಮಾತ್ರ ಎಂದರು.

ಈ ಅಂಕಿಗಳಲ್ಲಿ ಎರಡು ಸೂಕ್ಷ್ಮಗಳಿವೆ. ಹುಸಿಮಾತ್ರೆಯ ಗುಂಪು ಇರಲಿಲ್ಲವಾದ್ದರಿಂದ, ಟೋಫಾಸಿಟಿನಿಬ್ ಅಪಾಯವನ್ನು ಏರಿಸಿತೋ ಅಥವಾ ಟಿಎನ್‌ಎಫ್ ತಡೆ ಅಪಾಯವನ್ನು ಇಳಿಸಿತೋ ಎಂಬುದನ್ನು ಈ ಪ್ರಯೋಗ ಬಿಡಿಸಿ ಹೇಳಲಾರದು. ನಿಯಂತ್ರಣಕ್ಕೆ ಬಾರದ ಸಂಧಿವಾತವೇ ಹೃದಯಕ್ಕೆ ಕೆಡುಕು, ಹಾಗಾಗಿ ಎರಡನೆಯ ಸಾಧ್ಯತೆಯೂ ಹುಸಿಯಲ್ಲ. ಮುಂದಿನ ವಿಶ್ಲೇಷಣೆಗಳಲ್ಲಿ ಹೆಚ್ಚಿನ ಅಪಾಯವೆಲ್ಲ 65 ದಾಟಿದವರಲ್ಲಿ ಅಥವಾ ಎಂದಾದರೂ ಧೂಮಪಾನ ಮಾಡಿದವರಲ್ಲಿ ಕೂಡಿಕೊಂಡಿತ್ತು. ಆ ಎರಡೂ ಅಲ್ಲದವರಲ್ಲಿ ಎರಡು ಔಷಧಗಳ ನಡುವೆ ಗುರುತಿಸಬಹುದಾದ ವ್ಯತ್ಯಾಸ ಕಾಣಲಿಲ್ಲ. ಇಂಥ ನಂತರದ ವಿಭಜನೆಗಳನ್ನು ಪೂರ್ಣ ಪುರಾವೆಯೆಂದು ಹಿಡಿಯಬಾರದು ನಿಜ. ಆದರೂ ಯುರೋಪಿನವರ ನಿಲುವು, ಅಂದರೆ ವ್ಯಕ್ತಿಯ ಅಪಾಯವನ್ನು ನೋಡಿ ನಿರ್ಧರಿಸುವುದು, ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಅಮೆರಿಕದ ನಿಲುವಿಗಿಂತ ದತ್ತಾಂಶಕ್ಕೆ ಹೆಚ್ಚು ನಿಷ್ಠವಾಗಿದೆ ಎಂಬುದು ನನ್ನ ಅಭಿಪ್ರಾಯ. ಧೂಮಪಾನವಿಲ್ಲದ ಮೂವತ್ತೈದು ವರ್ಷದ ರೋಗಿಗೂ, ಒಮ್ಮೆ ಹೃದಯಾಘಾತವಾಗಿರುವ ಎಪ್ಪತ್ತರ ಧೂಮಪಾನಿಗೂ ಒಂದೇ ನಿಯಮ ಅನ್ವಯಿಸುವುದಕ್ಕೆ ವೈದ್ಯಕೀಯ ಆಧಾರ ತೆಳು.

ಜಾಕ್ ಬಗೆಗಿನ ವಾಗ್ವಾದದ ಗದ್ದಲದಲ್ಲಿ ಇದಕ್ಕಿಂತ ದೊಡ್ಡ ಸಂಗತಿಯೊಂದು ಮರೆಯಾಗುತ್ತದೆ. ಟಿಎನ್‌ಎಫ್ ಆಗಲಿ, ಇಂಟರ್‌ಲ್ಯೂಕಿನ್-6 ಆಗಲಿ, ಬಿ ಕೋಶಗಳನ್ನು ತೆಗೆದುಹಾಕುವ ರಿಟುಕ್ಸಿಮ್ಯಾಬ್ ಆಗಲಿ, ಟಿ ಕೋಶ ಚುರುಕಾಗಲು ಬೇಕಾದ ಎರಡನೆಯ ಸಂಕೇತವನ್ನು ತಡೆಯುವ ಅಬಟಾಸೆಪ್ಟ್ ಆಗಲಿ, ಜಾಕ್ ಆಗಲಿ, ಯಾವುದನ್ನು ಹಿಡಿದರೂ ಫಲದ ಮಟ್ಟ ಹೆಚ್ಚುಕಡಿಮೆ ಒಂದೇ. ಮೆಥೋಟ್ರೆಕ್ಸೇಟ್ ಸಾಲದವರಲ್ಲಿ ಶೇ 60ರಷ್ಟು ಮಂದಿಗೆ ಸಣ್ಣ ಸುಧಾರಣೆ, ಶೇ 40ರಷ್ಟು ಮಂದಿಗೆ ಮಧ್ಯಮ, ಶೇ 20ರಷ್ಟು ಮಂದಿಗೆ ದೊಡ್ಡ ಸುಧಾರಣೆ ಎಂಬ ಸ್ಥೂಲ ಲೆಕ್ಕ ಔಷಧದಿಂದ ಔಷಧಕ್ಕೆ ಅಷ್ಟಾಗಿ ಬದಲಾಗುವುದಿಲ್ಲ. ಎರಡು ತಡೆಗಳನ್ನು ಸೇರಿಸಿದರೆ ಈ ಮಿತಿ ದಾಟಬಹುದೆಂದು ಎಟನರ್ಸೆಪ್ಟ್ ಮತ್ತು ಅನಾಕಿನ್ರಾವನ್ನು ಒಟ್ಟಿಗೆ ಕೊಟ್ಟು ನೋಡಿದಾಗ, 2004ರಲ್ಲಿ ಬಂದ ಫಲಿತಾಂಶದ ಪ್ರಕಾರ ಗುಣ ಹೆಚ್ಚಲಿಲ್ಲ, ಗಂಭೀರ ಸೋಂಕುಗಳು ಹೆಚ್ಚಿದವು.

ಇಷ್ಟು ಬೇರೆ ಬೇರೆ ಬಾಣಗಳು ಒಂದೇ ದೂರದಲ್ಲಿ ಬೀಳಲು ಎರಡು ಕಾರಣಗಳನ್ನು ಊಹಿಸಬಹುದು. ಒಂದು, ಒಂದೇ ಹೆಸರಿನಡಿ ನಾವು ಹಲವು ಕಾಯಿಲೆಗಳನ್ನು ಕೂಡಿಹಾಕಿರಬಹುದು. ರೋಗಿಗಳ ಒಳಪೊರೆಯನ್ನು ಕೋಶ ಕೋಶವಾಗಿ ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನ ಅದರಲ್ಲಿ ಆರು ಬಗೆಗಳನ್ನು ಗುರುತಿಸಿತು: ಕೆಲವರಲ್ಲಿ ಟಿ ಮತ್ತು ಬಿ ಕೋಶಗಳ ದಟ್ಟಣೆ, ಕೆಲವರಲ್ಲಿ ಮ್ಯಾಕ್ರೋಫೇಜ್‌ಗಳದ್ದು, ಕೆಲವರಲ್ಲಿ ಬಹುಪಾಲು ಫೈಬ್ರೋಬ್ಲಾಸ್ಟ್‌ಗಳೇ. ಎರಡನೆಯದು ಆ ಫೈಬ್ರೋಬ್ಲಾಸ್ಟ್‌ಗಳಿಗೇ ಸಂಬಂಧಿಸಿದ್ದು. ಇವು ರೋಗನಿರೋಧಕ ಕೋಶಗಳಲ್ಲ, ಕೀಲಿನ ಕಟ್ಟಡಕ್ಕೆ ಸೇರಿದವು. ಆದರೆ ವರ್ಷಗಟ್ಟಲೆ ಉರಿಯೂತದಲ್ಲಿ ನೆನೆದ ಮೇಲೆ ಸೈಟೋಕೈನ್‌ಗಳ ಪ್ರಚೋದನೆ ಇಲ್ಲದಿದ್ದರೂ ಅವು ಆಕ್ರಮಣದ ಗುಣವನ್ನು ಉಳಿಸಿಕೊಳ್ಳುತ್ತವೆ. ಇಂದಿನ ಯಾವ ಮಂಜೂರಾದ ಔಷಧವೂ ಅವುಗಳನ್ನೇ ಗುರಿಯಾಗಿಸಿಕೊಂಡದ್ದಲ್ಲ. ಚಿಕಿತ್ಸೆ ನಿಲ್ಲಿಸಿದ ಅನೇಕರಲ್ಲಿ ಕಾಯಿಲೆ ಮೊದಲಿದ್ದ ಕೀಲುಗಳಲ್ಲೇ ಮರಳುವುದಕ್ಕೆ ಇದೂ ಒಂದು ಕಾರಣವಿರಬಹುದು.

ಮೊದಲನೆಯ ಊಹೆಯನ್ನು ಚಿಕಿತ್ಸೆಯಲ್ಲೇ ಪರೀಕ್ಷಿಸುವ ಪ್ರಯತ್ನ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಕೋಸ್ಟಾಂಟಿನೊ ಪಿಟ್ಸಾಲಿಸ್ ಅವರ ನೇತೃತ್ವದಲ್ಲಿ ನಡೆಯಿತು. ಟಿಎನ್‌ಎಫ್ ತಡೆಗೆ ಬಗ್ಗದ 164 ರೋಗಿಗಳ ಕೀಲಿನಿಂದ ಅಂಗಾಂಶದ ಚೂರನ್ನು ತೆಗೆದು ಪರೀಕ್ಷಿಸಿ, ರಿಟುಕ್ಸಿಮ್ಯಾಬ್ ಅಥವಾ ಟೊಸಿಲಿಜುಮ್ಯಾಬ್ ಕೊಡಲಾಯಿತು. ಬಿ ಕೋಶಗಳು ವಿರಳವಾಗಿದ್ದವರಲ್ಲಿ, ಬಿ ಕೋಶಗಳ ಮೇಲೆ ಗುರಿಯಿಟ್ಟ ರಿಟುಕ್ಸಿಮ್ಯಾಬ್ ಹಿಂದೆ ಬೀಳಬೇಕಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿ ವಿಂಗಡಿಸಿದಾಗ ಆ ಅಂತರ ಖಚಿತವಾಗಲಿಲ್ಲ. ವಂಶವಾಹಿಗಳ ಚಟುವಟಿಕೆಯನ್ನು ಅಳೆದು ವಿಂಗಡಿಸಿದಾಗ ಟೊಸಿಲಿಜುಮ್ಯಾಬ್ ಶೇ 63, ರಿಟುಕ್ಸಿಮ್ಯಾಬ್ ಶೇ 36 ಮಂದಿಯಲ್ಲಿ ಫಲ ಕೊಟ್ಟಿತೆಂದು 2021ರಲ್ಲಿ ವರದಿಯಾಯಿತು. ಸಣ್ಣ ಪ್ರಯೋಗ, ಮಿಶ್ರ ಫಲಿತಾಂಶ, ಮೇಲಾಗಿ ಪ್ರತಿ ರೋಗಿಯ ಕೀಲಿಗೂ ಸೂಜಿ ಹಾಕಿ ಚೂರು ತೆಗೆಯುವುದು ಸುಲಭವಲ್ಲ. ಆದರೂ ಇನ್ನೊಂದು ಹೊಸ ಸಂಕೇತಕ್ಕೆ ಇನ್ನೊಂದು ಪ್ರತಿಬಂಧಕವನ್ನು ಹುಡುಕುವುದಕ್ಕಿಂತ, ಕೈಯಲ್ಲಿರುವ ಐದಾರು ಬಗೆಯ ಔಷಧಗಳಲ್ಲಿ ಯಾವುದು ಯಾರಿಗೆ ಎಂದು ತಿಳಿಯಲು ಖರ್ಚು ಮಾಡುವುದೇ ಮುಂದಿನ ದಶಕದಲ್ಲಿ ಹೆಚ್ಚು ಲಾಭ ತರುವ ದಾರಿಯೆಂದು ತೋರುತ್ತದೆ. ಇವತ್ತಿಗೂ ಎರಡನೆಯ ಔಷಧವನ್ನು ಆಯ್ಕೆಮಾಡುವಾಗ ರೋಗಿಯ ಇತರ ಕಾಯಿಲೆಗಳು, ಬೆಲೆ, ವೈದ್ಯರ ಅನುಭವ ಲೆಕ್ಕಕ್ಕೆ ಬರುತ್ತವೆಯೇ ಹೊರತು ಆ ವ್ಯಕ್ತಿಯ ಕೀಲಿನಲ್ಲಿ ಯಾವ ಸಂಕೇತ ಮೇಲುಗೈ ಪಡೆದಿದೆ ಎಂಬ ಅಳತೆಯಲ್ಲ.

ಯಾವಾಗ ತಡೆಯಬೇಕು ಎಂಬ ಪ್ರಶ್ನೆಯೂ ಇದೆ. ಸಿಟ್ರುಲಿನ್ ಸೇರಿದ ಪ್ರೋಟೀನುಗಳ ವಿರುದ್ಧದ ಪ್ರತಿಕಾಯಗಳು, ಅಂದರೆ ಆಂಟಿ-ಸಿಸಿಪಿ, ಕೀಲು ಊದುವ ಎಷ್ಟೋ ವರ್ಷಗಳ ಮೊದಲೇ ರಕ್ತದಲ್ಲಿ ಕಾಣಿಸಿಕೊಳ್ಳುತ್ತವೆ. ಫೈಬ್ರೋಬ್ಲಾಸ್ಟ್‌ಗಳು ಇನ್ನೂ ಕೆಡದಿರುವ ಆ ಹಂತದಲ್ಲೇ ಸಂಕೇತವನ್ನು ತಡೆದರೆ ಏನಾಗುತ್ತದೆ? 2024ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಂಥ ಪ್ರತಿಕಾಯಗಳಿದ್ದು ಕೀಲುನೋವಷ್ಟೇ ಇದ್ದ 213 ಮಂದಿಗೆ ಒಂದು ವರ್ಷ ಅಬಟಾಸೆಪ್ಟ್ ಅಥವಾ ಹುಸಿಮದ್ದು ಕೊಡಲಾಯಿತು. ವರ್ಷದ ಕೊನೆಯಲ್ಲಿ ಸಂಧಿವಾತ ಕಾಣಿಸಿಕೊಂಡವರು ಅಬಟಾಸೆಪ್ಟ್ ಗುಂಪಿನಲ್ಲಿ ಶೇ 6, ಹುಸಿಮದ್ದಿನ ಗುಂಪಿನಲ್ಲಿ ಶೇ 29. ಔಷಧ ನಿಲ್ಲಿಸಿ ಇನ್ನೊಂದು ವರ್ಷ ಕಳೆಯುವಷ್ಟರಲ್ಲಿ ಆ ಅಂಕಿಗಳು ಶೇ 25 ಮತ್ತು ಶೇ 37 ಆಗಿದ್ದವು. ಅಂದರೆ ಕಾಯಿಲೆ ಮುಂದಕ್ಕೆ ಹೋಯಿತು, ಆದರೆ ಬಹುಮಟ್ಟಿಗೆ ತಪ್ಪಲಿಲ್ಲ. ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ಓದಿದರೆ, ಹುಸಿಮದ್ದು ಪಡೆದವರಲ್ಲಿ ಶೇ 63ರಷ್ಟು ಮಂದಿಗೆ ಎರಡು ವರ್ಷವಾದರೂ ಸಂಧಿವಾತ ಬಂದಿರಲಿಲ್ಲ. ಅವರೆಲ್ಲರಿಗೂ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಕೊಡುವುದು ನ್ಯಾಯವೇ ಎಂಬುದು ಈಗ ಈ ಪ್ರಯೋಗಗಳನ್ನು ನಡೆಸುವವರ ಮುಂದಿರುವ ಪ್ರಶ್ನೆ, ಮತ್ತು ಪ್ರತಿಕಾಯಗಳಿರುವವರಲ್ಲಿ ಯಾರಿಗೆ ಕಾಯಿಲೆ ಖಂಡಿತ ಬರುತ್ತದೆ ಎಂದು ಹೇಳಬಲ್ಲ ಪರೀಕ್ಷೆ ಇನ್ನೂ ಬಂದಿಲ್ಲ.